ರೆಡ್‌ಟೇಲ್ ಕ್ಯಾಟ್‌ಫಿಶ್ ಸಾಕಲು ಎಂಥ ನೀರು ಬೇಕು? ತಿಳಿಯಾಗಿದ್ದರೆ ಸಾಕೇ?

ಅಕ್ವೇರಿಯಂ ಅಂಗಡಿಗಳಲ್ಲಿ ನೀವು ಈ ಮೀನನ್ನು ನೋಡಿರಬಹುದು. ಬೆರಳುದ್ದದ ಮೈ, ಕಪ್ಪು ಬೆನ್ನು, ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಬಿಳಿ ಪಟ್ಟೆ, ಕಿತ್ತಳೆಗೆಂಪು ಬಾಲ, ಬಾಯಿಯ ಸುತ್ತ ಮೂರು ಜೊತೆ ಮೀಸೆ. ಹೆಸರು ರೆಡ್‌ಟೇಲ್ ಕ್ಯಾಟ್‌ಫಿಶ್. ಹಾಕಿದ್ದನ್ನೆಲ್ಲ ನುಂಗುತ್ತದೆ, ಸಾಕಿದವರ ಕೈಯನ್ನು ಗುರುತು ಹಿಡಿದಂತೆ ಹತ್ತಿರ ಬರುತ್ತದೆ. ಕೊಳ್ಳುವವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಎಷ್ಟು ದೊಡ್ಡದಾಗುತ್ತದೆ, ನೀರು ಹೇಗಿರಬೇಕು. ಸಿಗುವ ಉತ್ತರಗಳೂ ಎರಡೇ. "ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸಾರ್." "ಕ್ಯಾಟ್‌ಫಿಶ್ ಅಲ್ವಾ, ಯಾವ ನೀರಾದ್ರೂ ನಡೆಯುತ್ತೆ."

ಎರಡೂ ತಪ್ಪು. ಈ ಲೇಖನದಲ್ಲಿ ನಾವು ಮುಖ್ಯವಾಗಿ ಎರಡನೆಯದನ್ನು ನೋಡೋಣ. ನೀರಿನ ಲೆಕ್ಕ ಸರಿಯಾಗಿ ಹಾಕಿದರೆ ಮೊದಲನೆಯದಕ್ಕೂ ಉತ್ತರ ಅದರಲ್ಲೇ ಸಿಗುತ್ತದೆ.

ಇದು ಯಾವ ನೀರಿನ ಮೀನು?

ವೈಜ್ಞಾನಿಕ ಹೆಸರು ಫ್ರಾಕ್ಟೊಸೆಫಾಲಸ್ ಹೆಮಿಯೋಲಿಯೋಪ್ಟೆರಸ್. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಮತ್ತು ಎಸ್ಸೆಕ್ವಿಬೊ ನದಿಗಳ ಜಲಾನಯನ ಪ್ರದೇಶ ಇದರ ತವರು. ಬ್ರೆಜಿಲ್‌ನಲ್ಲಿ ಇದಕ್ಕೆ ಪಿರಾರಾರ ಎನ್ನುತ್ತಾರೆ. ಅಲ್ಲಿ ಅದು ಸಣ್ಣ ಮೀನು, ಏಡಿಗಳ ಜೊತೆ ಪ್ರವಾಹದ ಕಾಲದಲ್ಲಿ ಮರಗಳಿಂದ ನೀರಿಗೆ ಬಿದ್ದ ಹಣ್ಣುಗಳನ್ನೂ ತಿನ್ನುತ್ತದೆ. ಒಂದು ಮೀಟರ್ ದಾಟಿ ಬೆಳೆಯುತ್ತದೆ. ಗಾಳದಲ್ಲಿ ಹಿಡಿದವುಗಳ ಪೈಕಿ ವಿಶ್ವದಾಖಲೆಯ ಮೀನು 2010ರಲ್ಲಿ ಬ್ರೆಜಿಲ್‌ನಲ್ಲಿ ಸಿಕ್ಕಿತ್ತು. ತೂಕ 56 ಕಿಲೋ, ಅಂದರೆ ಒಬ್ಬ ಮನುಷ್ಯನ ತೂಕ. ಸಾಕಿದ ಮೀನು ಅಷ್ಟಾಗುವುದು ಅಪರೂಪ. ಆದರೆ ಚೆನ್ನಾಗಿ ತಿನ್ನಿಸಿದರೆ ಮೊದಲ ವರ್ಷದಲ್ಲೇ ಒಂದು ಅಡಿ ದಾಟುತ್ತದೆ, ಹದಿನೈದು ವರ್ಷಕ್ಕೂ ಹೆಚ್ಚು ಬದುಕಬಲ್ಲದು.

"ಕ್ಯಾಟ್‌ಫಿಶ್ ಯಾವ ನೀರಲ್ಲಾದರೂ ಬದುಕುತ್ತದೆ" ಎಂಬ ನಂಬಿಕೆ ಎಲ್ಲಿಂದ ಬಂತು ಎಂಬುದು ಊಹಿಸಲು ಕಷ್ಟವಲ್ಲ. ನಮ್ಮಲ್ಲಿ ಕ್ಯಾಟ್‌ಫಿಶ್ ಎಂದರೆ ಮೊದಲು ನೆನಪಾಗುವುದು ಮಾಗೂರ್ ಅಥವಾ ಆಫ್ರಿಕನ್ ಕ್ಯಾಟ್‌ಫಿಶ್. ಕೊಳಚೆ ಸೇರಿದ ಕೆರೆಯಲ್ಲೂ ಅವು ಬದುಕುತ್ತವೆ, ನೀರಿನಿಂದ ಹೊರತೆಗೆದರೂ ಬಹಳ ಹೊತ್ತು ಜೀವಂತ ಇರುತ್ತವೆ. ಕಾರಣ, ಅವುಗಳ ಕಿವಿರಿನ ಹತ್ತಿರ ಗಾಳಿಯನ್ನು ನೇರವಾಗಿ ಉಸಿರಾಡಲು ಬೇರೆಯೇ ಅಂಗವಿದೆ. ರೆಡ್‌ಟೇಲ್‌ಗೆ ಅದಿಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕವೊಂದೇ ಅದಕ್ಕೆ ಗತಿ. ಎರಡಕ್ಕೂ ಮೀಸೆ ಇದೆ ಎಂಬುದು ಬಿಟ್ಟರೆ ಈ ವಿಷಯದಲ್ಲಿ ಹೋಲಿಕೆ ಇಲ್ಲ.

ತಾಪಮಾನ ಮತ್ತು ಪಿಎಚ್

ಇವೆರಡು ಸುಲಭ. ನೀರಿನ ತಾಪಮಾನ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಪಿಎಚ್ 6ರಿಂದ 7.5ರ ನಡುವೆ ಇದ್ದರೆ ಒಳ್ಳೆಯದು. ನಿಮ್ಮ ನೀರಿನ ಪಿಎಚ್ 7.8 ಇದ್ದು ಅದು ದಿನವೂ 7.8 ಆಗಿಯೇ ಇದ್ದರೆ ಗಾಬರಿ ಬೇಡ. ಔಷಧಿ ಹಾಕಿ ಇಳಿಸಿ, ಎರಡು ದಿನಕ್ಕೆ ಅದು ಮತ್ತೆ ಏರುವುದಕ್ಕಿಂತ ಒಂದೇ ಮಟ್ಟದಲ್ಲಿರುವುದು ಮೀನಿಗೆ ಹಿತ. ಬಾದಾಮಿ ಮರದ ಎಲೆ ಹಾಕಿದರೆ ಪಿಎಚ್ ಇಳಿಯುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಮೆದು ನೀರಿನಲ್ಲಿ ಸ್ವಲ್ಪ ಇಳಿಯುತ್ತದೆ. ನಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಣ್ಣ ಬರುತ್ತದೆ, ಪಿಎಚ್ ಬಹುತೇಕ ಇದ್ದಲ್ಲೇ ಇರುತ್ತದೆ.

ಮಂಗಳೂರಿನಲ್ಲಿ ಹೀಟರ್ ಬಹುಶಃ ಬೇಕಾಗುವುದೇ ಇಲ್ಲ. ಬೆಂಗಳೂರು, ಬೆಳಗಾವಿ, ಬೀದರ್, ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಬೇಕು. ಆದರೆ ಹೀಟರ್‌ಗೆ ಗಟ್ಟಿಯಾದ ಜಾಲರಿಯ ಕವಚ ಇರಲೇಬೇಕು. ಈ ಮೀನು ಸಣ್ಣ ಕಲ್ಲು, ಪ್ಲಾಸ್ಟಿಕ್ ಅಲಂಕಾರ, ಥರ್ಮಾಮೀಟರ್ ಹೀಗೆ ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗಿಬಿಡುತ್ತದೆ. ಗಾಜಿನ ಹೀಟರನ್ನು ಬಾಲದಿಂದ ಹೊಡೆದು ಒಡೆಯುವ ಬಲವೂ ಅದಕ್ಕಿದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಸಮಸ್ಯೆ ಉಲ್ಟಾ: ನೀರು 32 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಟ್ಯಾಂಕಿನ ಮುಚ್ಚಳ ತೆಗೆದು ಬಲೆ ಕಟ್ಟಿ, ನೀರಿನ ಮೇಲ್ಮೈಗೆ ಫ್ಯಾನ್ ಗಾಳಿ ಬೀಳುವಂತೆ ಮಾಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಇಷ್ಟನ್ನೇ "ನೀರಿನ ಪರಿಸ್ಥಿತಿ" ಎಂದು ಬಹುತೇಕ ಕಡೆ ಹೇಳಿ ಮುಗಿಸುತ್ತಾರೆ. ನಮ್ಮ ಪ್ರಕಾರ ಅಸಲು ವಿಷಯ ಇನ್ನೂ ಶುರುವಾಗಿಲ್ಲ.

ಕಣ್ಣಿಗೆ ಕಾಣದ ಕೊಳೆ

ಮಾಂಸಾಹಾರಿ ಮೀನಿನ ಆಹಾರದಲ್ಲಿ ಪ್ರೋಟೀನ್ ಹೆಚ್ಚು. ಪ್ರೋಟೀನ್ ಜೀರ್ಣವಾದ ಮೇಲೆ ಉಳಿಯುವ ಸಾರಜನಕವನ್ನು ನಮ್ಮ ದೇಹ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮೀನು ಅದನ್ನು ಹೆಚ್ಚಾಗಿ ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕ ನೀರಿಗೆ ಬಿಡುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಗಾಜಿನಂತೆ ತಿಳಿಯಾದ ನೀರಿನಲ್ಲಿ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇರಬಹುದು. ತದ್ವಿರುದ್ಧವಾಗಿ, ಮರದ ಕೊರಡಿನಿಂದ ಚಹಾದ ಬಣ್ಣಕ್ಕೆ ತಿರುಗಿದ ನೀರು ಪೂರ್ತಿ ಸುರಕ್ಷಿತವಾಗಿರಬಹುದು.

ಎಷ್ಟು ಅಮೋನಿಯಾ ಬರುತ್ತದೆ? ಮೀನು ಸಾಕಣೆಯವರು ಬಳಸುವ ಒಂದು ಸರಳ ಸೂತ್ರವಿದೆ: ಮೀನು ತಿಂದ ಪ್ರತಿ 100 ಗ್ರಾಂ ಪ್ರೋಟೀನಿಗೆ ಸುಮಾರು 9 ಗ್ರಾಂ ಅಮೋನಿಯಾ ಸಾರಜನಕ. ಈಗ ಐದು ಕಿಲೋ ತೂಕದ, ಎರಡು ಅಡಿಗಿಂತ ತುಸು ಉದ್ದದ ರೆಡ್‌ಟೇಲ್ ಒಂದನ್ನು ಇಟ್ಟುಕೊಳ್ಳೋಣ. ಇದು ಇನ್ನೂ ಬೆಳೆಯುವ ಮೀನು, ಪೂರ್ತಿ ಬೆಳೆದದ್ದಲ್ಲ. ಒಂದು ಹೊತ್ತಿಗೆ 40 ಶೇಕಡಾ ಪ್ರೋಟೀನ್ ಇರುವ 100 ಗ್ರಾಂ ಒಣ ಆಹಾರ ಕೊಟ್ಟರೆ ಸುಮಾರು 3.7 ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ.

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕನ್ನು ಅಂಗಡಿಯವರು "ದೊಡ್ಡ ಟ್ಯಾಂಕ್" ಎನ್ನುತ್ತಾರೆ. ಅದರಲ್ಲಿ ನಿಜವಾಗಿ ನಿಲ್ಲುವ ನೀರು ಸುಮಾರು 600 ಲೀಟರ್. ಆ 3.7 ಗ್ರಾಂ ಇದರಲ್ಲಿ ಕರಗಿದರೆ ಲೀಟರಿಗೆ 6 ಮಿಲಿಗ್ರಾಂ. ಪರೀಕ್ಷಾ ಕಿಟ್‌ನಲ್ಲಿ ಇರಬೇಕಾದ ಅಂಕಿ ಸೊನ್ನೆ.

ಇಲ್ಲಿ ನೆರವಿಗೆ ಬರುವುದು ಬ್ಯಾಕ್ಟೀರಿಯಾ. ಫಿಲ್ಟರಿನ ಸ್ಪಂಜು, ಸೆರಾಮಿಕ್ ಉಂಗುರಗಳ ಮೇಲೆ ಕ್ರಮೇಣ ನೆಲೆಸುವ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. "ನೀರು ತುಂಬಿಸಿ ಒಂದು ದಿನ ಬಿಟ್ಟು ಮೀನು ಬಿಡಿ" ಎಂಬ ಸಲಹೆಯಿಂದ ಸಾಯುವ ಮೀನುಗಳ ಲೆಕ್ಕ ಯಾರೂ ಇಟ್ಟಿಲ್ಲ.

ನಡುವಿನ ನೈಟ್ರೈಟ್ ಕೂಡ ಅಪಾಯಕಾರಿ. ಅದು ಕಿವಿರಿನ ಮೂಲಕ ರಕ್ತ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಎಷ್ಟಿದ್ದರೂ ಮೀನಿಗೆ ಉಸಿರುಕಟ್ಟುತ್ತದೆ. ಈ ಕಾಯಿಲೆಯನ್ನು ಹೆಚ್ಚು ಅಧ್ಯಯನ ಮಾಡಿದ್ದು ಅಮೆರಿಕದ ಕ್ಯಾಟ್‌ಫಿಶ್ ಸಾಕಣೆ ಕೊಳಗಳಲ್ಲಿ. ಅಲ್ಲಿ ಕಂಡುಕೊಂಡ ಪರಿಹಾರ ಅಡುಗೆಮನೆಯಲ್ಲೇ ಇದೆ: ಉಪ್ಪು. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೈಟ್ ಎರಡೂ ಕಿವಿರಿನ ಒಂದೇ ಬಾಗಿಲಲ್ಲಿ ಒಳಗೆ ಬರಬೇಕು. ಕ್ಲೋರೈಡ್ ಹತ್ತು ಪಟ್ಟು ಹೆಚ್ಚಿದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. 100 ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ ಸುಮಾರು 60 ಮಿಲಿಗ್ರಾಂ ಕ್ಲೋರೈಡ್ ಸಿಗುತ್ತದೆ, ತುರ್ತಿಗೆ ಇಷ್ಟು ಸಾಕು. ಮೀನಿಗೆ ಒಳ್ಳೆಯದೆಂದು ಪ್ರತಿ ವಾರ ಹಿಡಿಹಿಡಿ ಕಲ್ಲುಪ್ಪು ಸುರಿಯುವುದು ಬೇರೆ, ಇದು ಬೇರೆ.

ಕೊನೆಗೆ ಉಳಿಯುವುದು ನೈಟ್ರೇಟ್. ಇದು ಅಷ್ಟು ವಿಷವಲ್ಲ, ಆದರೆ ತಾನಾಗಿ ಹೋಗುವುದೂ ಇಲ್ಲ. ನೀರು ಬದಲಿಸಿಯೇ ಹೊರಹಾಕಬೇಕು. ಅದನ್ನು ಲೀಟರಿಗೆ 40 ಮಿಲಿಗ್ರಾಂ ಒಳಗೆ ಇಡುವುದು ಅಕ್ವೇರಿಯಂ ಸಾಕುವವರಲ್ಲಿ ರೂಢಿಯಲ್ಲಿರುವ ಗುರಿ. (ನಮ್ಮ ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 45. ಬೋರ್‌ವೆಲ್ ನೀರು ಬಳಸುವವರು ಮೊದಲು ಆ ನೀರನ್ನೇ ಪರೀಕ್ಷಿಸಿ. ಕೆಲವು ಕಡೆ ಅದರಲ್ಲೇ ನೈಟ್ರೇಟ್ ಮಿತಿ ಮೀರಿರುತ್ತದೆ.)

ಲೆಕ್ಕ ಮುಂದುವರಿಸೋಣ. ವಾರಕ್ಕೆ ಮೂರು ಸಲ 100 ಗ್ರಾಂ ಆಹಾರ ಕೊಟ್ಟರೆ ವಾರದ ಕೊನೆಗೆ ಸುಮಾರು 49 ಗ್ರಾಂ ನೈಟ್ರೇಟ್ ತಯಾರಾಗುತ್ತದೆ. 600 ಲೀಟರ್ ಟ್ಯಾಂಕಿನಲ್ಲಿ ಅದು ವಾರಕ್ಕೆ ಲೀಟರಿಗೆ 80 ಮಿಲಿಗ್ರಾಂ ಏರಿಕೆ. ಪ್ರತಿ ವಾರ ಅರ್ಧ ನೀರು ತಪ್ಪದೆ ಬದಲಿಸಿದರೂ ಕೆಲವು ವಾರಗಳಲ್ಲಿ ಅದು 80 ಮತ್ತು 160ರ ನಡುವೆ ಏರಿಳಿಯುತ್ತ ನಿಲ್ಲುತ್ತದೆ. ಫಿಲ್ಟರ್ ಎಷ್ಟೇ ದುಬಾರಿಯದಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಫಿಲ್ಟರ್ ನೈಟ್ರೇಟನ್ನು ತಯಾರಿಸುತ್ತದೆ, ತೆಗೆಯುವುದಿಲ್ಲ.

ಅದೇ ಮೀನು 5000 ಲೀಟರ್ ನೀರಿನಲ್ಲಿದ್ದರೆ? ವಾರಕ್ಕೆ 10 ಮಿಲಿಗ್ರಾಂ ಏರಿಕೆ. ವಾರಕ್ಕೆ ಮೂರನೇ ಒಂದು ಭಾಗದಷ್ಟು ನೀರು ಬದಲಿಸಿದರೆ 30ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ಈ ಮೀನಿಗೆ ಬೇಕಾದ "ನೀರಿನ ಗುಣ"ಗಳಲ್ಲಿ ಮೊದಲನೆಯದು ಪಿಎಚ್ ಅಲ್ಲ, ತಾಪಮಾನವಲ್ಲ, ನೀರಿನ ಪ್ರಮಾಣ ಎಂದೇ ನಾವು ಹೇಳುತ್ತೇವೆ. ಮೂರನೇ ಒಂದು ಭಾಗ ಎಂದರೆ ವಾರಕ್ಕೆ 1600 ಲೀಟರಿಗೂ ಹೆಚ್ಚು, ತಿಂಗಳಿಗೆ ಒಂದು ಟ್ಯಾಂಕರ್ ನೀರಿಗೂ ಹೆಚ್ಚು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕಾವೇರಿ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಎಂಬ ಆದೇಶ ಬಂದಿತ್ತು ಎಂಬುದನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ಟ್ಯಾಂಕಿನಿಂದ ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ, ಚರಂಡಿಗೆ ಬಿಡಬೇಡಿ. ಆದರೆ ಅಷ್ಟು ನೀರು ಕುಡಿಯುವ ತೋಟ ಇರುವವರು ಎಷ್ಟು ಜನ?

ಟ್ಯಾಂಕ್ ತೊಳೆದ ಮಾರನೇ ದಿನ ಮೀನು ಯಾಕೆ ಸಾಯುತ್ತದೆ?

ಅನೇಕ ಮನೆಗಳಲ್ಲಿ ನಡೆಯುವುದು ಹೀಗೆ. ತಿಂಗಳಿಗೊಮ್ಮೆ ಮೀನನ್ನು ಬಕೆಟ್ಟಿಗೆ ಹಾಕಿ, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಗಾಜು ತಿಕ್ಕಿ, ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಬಿಳಿಯಾಗುವವರೆಗೆ ಹಿಂಡಿ, ಹೊಸ ನೀರು ತುಂಬುತ್ತಾರೆ. ಟ್ಯಾಂಕ್ ಫಳಫಳ ಹೊಳೆಯುತ್ತದೆ. ಮಾರನೇ ದಿನ ಮೀನು ಮೇಲೆ ತೇಲುತ್ತದೆ. "ಮನೆಗೆ ಬರಬೇಕಿದ್ದ ಕೆಟ್ಟದ್ದನ್ನು ಮೀನು ತನ್ನ ಮೇಲೆ ತೆಗೆದುಕೊಂಡಿತು" ಎಂಬ ಸಮಾಧಾನವೂ ಚಾಲ್ತಿಯಲ್ಲಿದೆ. ಮೀನು ತೆಗೆದುಕೊಂಡದ್ದು ಏನನ್ನು ಎಂಬುದನ್ನು ರಸಾಯನಶಾಸ್ತ್ರ ಇನ್ನೂ ನಿಖರವಾಗಿ ಹೇಳುತ್ತದೆ.

ಮೊದಲನೆಯದಾಗಿ, ಸ್ಪಂಜಿನ ಕಂದು ಲೋಳೆಯ ಜೊತೆ ಬ್ಯಾಕ್ಟೀರಿಯಾವೂ ಹೋಯಿತು. ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಎರಡು ಸಲ ಅದ್ದಿ ಹಿಂಡಿದರೆ ಸಾಕು. ಅದು ಬಿಳಿಯಾಗಬೇಕಿಲ್ಲ.

ಎರಡನೆಯದು ಅಷ್ಟಾಗಿ ಯಾರಿಗೂ ತಿಳಿಯದ ವಿಷಯ, ಪೂರ್ತಿ ಖಾಲಿ ಮಾಡದೆ ಅರ್ಧ ನೀರು ಬದಲಿಸಿದವರ ಮೀನೂ ಸಾಯುವುದು ಇದರಿಂದಲೇ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ನೀರಿನ ಕಾರ್ಬೊನೇಟ್ ಗಡಸುತನವನ್ನು ಖರ್ಚು ಮಾಡುತ್ತದೆ: ಒಂದು ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ. ಈ ಕಾರ್ಬೊನೇಟೇ ಪಿಎಚ್ ಬೀಳದಂತೆ ಹಿಡಿದಿಡುವ ಆಧಾರ. ದೊಡ್ಡ ಮೀನು, ಸಣ್ಣ ಟ್ಯಾಂಕ್, ತಿಂಗಳುಗಟ್ಟಲೆ ಬದಲಾಗದ ನೀರು ಸೇರಿದರೆ ಆ ಆಧಾರ ಮುಗಿದು ಪಿಎಚ್ 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬೀಳುತ್ತದೆ. ಅಷ್ಟು ಆಮ್ಲೀಯ ನೀರಿನಲ್ಲಿ ಬ್ಯಾಕ್ಟೀರಿಯಾದ ಕೆಲಸವೂ ನಿಧಾನವಾಗಿ ಅಮೋನಿಯಾ ಉಳಿಯತೊಡಗುತ್ತದೆ.

ಆದರೂ ಮೀನು ಬದುಕಿರುತ್ತದೆ. ಯಾಕೆಂದರೆ ನೀರಿನಲ್ಲಿ ಅಮೋನಿಯಾಕ್ಕೆ ಎರಡು ರೂಪ. ಒಂದು ಅಮೋನಿಯಂ, ಇದು ಅಷ್ಟು ಅಪಾಯಕಾರಿಯಲ್ಲ. ಇನ್ನೊಂದು ಕಿವಿರನ್ನು ದಾಟಿ ಒಳಹೋಗುವ ಅಮೋನಿಯಾ, ಇದು ವಿಷ. ಯಾವುದು ಎಷ್ಟಿರಬೇಕು ಎಂಬುದನ್ನು ಮುಖ್ಯವಾಗಿ ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 6 ಇದ್ದಾಗ ವಿಷ ರೂಪದ ಪಾಲು ಶೇಕಡಾ 0.06ರಷ್ಟು ಮಾತ್ರ. ಪಿಎಚ್ 7ರಲ್ಲಿ 0.6. ಪಿಎಚ್ 8ರಲ್ಲಿ 5ಕ್ಕಿಂತ ಹೆಚ್ಚು. ಈಗ ಪಿಎಚ್ 6ರ ಹಳೆ ಟ್ಯಾಂಕಿಗೆ ಬೋರ್‌ವೆಲ್‌ನ ಪಿಎಚ್ 8ರ ಗಡಸು ನೀರನ್ನು ಒಮ್ಮೆಲೇ ಅರ್ಧದಷ್ಟು ಸುರಿದರೆ ಟ್ಯಾಂಕಿನ ಪಿಎಚ್ ಹೊಸ ನೀರಿನ ಹತ್ತಿರಕ್ಕೆ ಜಿಗಿಯುತ್ತದೆ. ಒಟ್ಟು ಅಮೋನಿಯಾ ಅರ್ಧವಾಗಿದ್ದರೂ ವಿಷದ ಪಾಲು ಹಲವು ಹತ್ತು ಪಟ್ಟು ಏರಿರುತ್ತದೆ. ನೀರು ಬದಲಿಸಿದ್ದರಿಂದಲೇ ಮೀನು ಸತ್ತಿತು ಎಂದು ಮನೆಯವರು ಹೇಳುವುದು ಒಂದರ್ಥದಲ್ಲಿ ನಿಜ. ಮೂರು ತಿಂಗಳು ಬದಲಿಸದೆ ಇದ್ದದ್ದು ಅದರ ಮೂಲ ಕಾರಣ.

ಅಂಥ ಹಳೆಯ ಟ್ಯಾಂಕ್ ನಿಮ್ಮಲ್ಲಿದ್ದರೆ ಇವತ್ತೇ ಅರ್ಧ ನೀರು ಬದಲಿಸಬೇಡಿ. ಎರಡು ಮೂರು ದಿನ ಆಹಾರ ನಿಲ್ಲಿಸಿ. ದಿನಕ್ಕೆ ಶೇಕಡಾ 10ರಷ್ಟು ಮಾತ್ರ ಬದಲಿಸುತ್ತ, ಅಮೋನಿಯಾ ಮತ್ತು ಪಿಎಚ್ ಎರಡನ್ನೂ ಅಳೆಯುತ್ತ ಹೋಗಿ. ಕಾರ್ಬೊನೇಟ್ ಗಡಸುತನ ಲೀಟರಿಗೆ ಕನಿಷ್ಠ 70 ಮಿಲಿಗ್ರಾಂ ಇದ್ದರೆ ಪಿಎಚ್ ಮತ್ತೆ ಕುಸಿಯುವುದಿಲ್ಲ. ಇದೇ ಕಾರಣಕ್ಕೆ ಬರೀ ಆರ್‌ಓ ನೀರು ತುಂಬುವುದು ಒಳ್ಳೆಯದಲ್ಲ. ಮನುಷ್ಯರಿಗೆ "ಶುದ್ಧ" ಎನಿಸುವ ಆ ನೀರಿನಲ್ಲಿ ಪಿಎಚ್ ಹಿಡಿದಿಡಲು ಏನೂ ಇರುವುದಿಲ್ಲ.

ಕರೆಂಟ್ ಹೋದಾಗ

25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಇನ್ನೂ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಐದು ಕಿಲೋದ ಮೀನು ಸುಮ್ಮನೆ ಬಿದ್ದುಕೊಂಡಿದ್ದರೂ ಗಂಟೆಗೆ ಸುಮಾರು 500 ಮಿಲಿಗ್ರಾಂ ಬಳಸುತ್ತದೆ ಎಂದಿಟ್ಟುಕೊಳ್ಳಿ. ಹೊಟ್ಟೆ ತುಂಬ ತಿಂದ ಮೇಲೆ ಇನ್ನೂ ಹೆಚ್ಚು. 600 ಲೀಟರಿನಲ್ಲಿರುವುದು ಒಟ್ಟು 4500 ಮಿಲಿಗ್ರಾಂ. ಅರ್ಧ ಖರ್ಚಾಗುವ ಹೊತ್ತಿಗೇ ಮೀನು ಮೇಲೆ ಬಂದು ಬಾಯಿ ತೆರೆಯತೊಡಗುತ್ತದೆ. ಪಂಪ್ ನಿಂತರೆ, ಮೇಲ್ಮೈಯಿಂದ ಕರಗುವ ಅಲ್ಪಸ್ವಲ್ಪ ಬಿಟ್ಟರೆ, ನಿಮ್ಮ ಕೈಯಲ್ಲಿರುವುದು ನಾಲ್ಕೈದು ಗಂಟೆ. ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು ಎಂಬುದನ್ನು ಸೇರಿಸಿದರೆ ಅದಕ್ಕಿಂತ ಕಡಿಮೆ.

ಆದ್ದರಿಂದ ಬ್ಯಾಟರಿ ಇರುವ ಏರ್ ಪಂಪ್ ಇರಲಿ, ಅಥವಾ ಏರ್ ಪಂಪನ್ನು ಯುಪಿಎಸ್ ಲೈನಿಗೆ ಹಾಕಿಸಿ. ಅದಕ್ಕೆ ತೀರಾ ಕಡಿಮೆ ವಿದ್ಯುತ್ ಸಾಕು. ಲೋಡ್ ಶೆಡ್ಡಿಂಗ್ ಇದೆ ಎಂದು ಗೊತ್ತಿದ್ದ ದಿನ ಆಹಾರ ಹಾಕಬೇಡಿ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಕೂಡಲೇ ಆ ನೀರು ಟ್ಯಾಂಕಿಗೆ ನುಗ್ಗದಂತೆ ಮೊದಲು ಅದನ್ನು ಚೆಲ್ಲಿ.

ಚಿಪ್ಪಿಲ್ಲದ ಮೈ

ರೆಡ್‌ಟೇಲ್‌ಗೆ ಹುರುಪೆಗಳಿಲ್ಲ. ಕ್ಯಾಟ್‌ಫಿಶ್‌ಗಳ ಮೈಯೆಲ್ಲ ರುಚಿ ಗ್ರಂಥಿಗಳು. ಅಮೆರಿಕದ ಚಾನಲ್ ಕ್ಯಾಟ್‌ಫಿಶ್‌ನಲ್ಲಿ ಇವು ಒಂದು ಲಕ್ಷಕ್ಕೂ ಹೆಚ್ಚಿವೆ. ನಾಲಿಗೆಯನ್ನೇ ಹೊದ್ದುಕೊಂಡು ಈಜುವ ಪ್ರಾಣಿ ಎನ್ನಬಹುದು. ತೆಳು ಲೋಳೆಯೊಂದೇ ಅದರ ರಕ್ಷಣೆ. ಹಾಗಾಗಿ ಔಷಧಿಗಳನ್ನು, ಅದರಲ್ಲೂ ತಾಮ್ರ ಮತ್ತು ಮ್ಯಾಲಕೈಟ್ ಗ್ರೀನ್ ಇರುವವನ್ನು, ಬಾಟಲಿಯ ಮೇಲೆ ಬರೆದಷ್ಟು ಹಾಕದೆ ಮೊದಲು ಮೀನಿನ ವೈದ್ಯರನ್ನು ಕೇಳಿ. ಅಂಗಡಿಯಲ್ಲಿ ಮೀನಿನ ಜೊತೆ ಕೊಡುವ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಹಾನಿ ಮಾಡುತ್ತದೆ. ಅದನ್ನು ಬೇರೆ ತೊಟ್ಟಿಯಲ್ಲಿ ಬಳಸಬೇಕು, ಮುಖ್ಯ ಟ್ಯಾಂಕಿಗೆ "ಇರಲಿ" ಎಂದು ಹಾಕಬಾರದು.

ಕ್ಲೋರಿನ್ ವಿಷಯದಲ್ಲೂ ಎಚ್ಚರ ಬೇಕು. ನಗರದ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂಬುದು ನಿಜ. ಆದರೆ 1600 ಲೀಟರ್ ನೀರನ್ನು ಯಾವ ಬಕೆಟ್ಟಿನಲ್ಲಿ ಇಡುವುದು? ಸೋಡಿಯಂ ಥಯೋಸಲ್ಫೇಟ್ ಅಗ್ಗದ, ಖಚಿತವಾದ ದಾರಿ. ಒಂದು ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಹರಳು ಬೇಕು. ಆಗಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದ ಅಪಾರ್ಟ್‌ಮೆಂಟಿನ ಸಂಪಿನಿಂದ ನೀರು ತುಂಬಿಸುವವರು ತುಸು ಹೆಚ್ಚೇ ಹಾಕಲಿ.

ಟ್ಯಾಂಕಿನಷ್ಟೇ ಬೆಳೆಯುತ್ತದೆಯೇ?

ಈಗ ಮೊದಲ ಉತ್ತರಕ್ಕೆ ಬರೋಣ. ಇಕ್ಕಟ್ಟಾದ, ನೈಟ್ರೇಟ್ ತುಂಬಿದ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಅದು ಹೊಂದಾಣಿಕೆಯಲ್ಲ, ದೀರ್ಘಕಾಲದ ಅನಾರೋಗ್ಯ. ಸರಿಯಾಗಿ ಊಟ ಸಿಗದೆ ಕುಳ್ಳಗಾದ ಮಗುವನ್ನು ಕಂಡು "ಮನೆ ಚಿಕ್ಕದು, ಅದಕ್ಕೆ ಮಗುವೂ ಚಿಕ್ಕದು" ಎಂದು ನಾವು ಹೇಳುವುದಿಲ್ಲ.

ಇನ್ನೊಂದು ಸರಳ ಅಳತೆ: ಮೀನು ತಿರುಗಬೇಕು. ಮೂರು ಅಡಿಯ ಮೀನು ಎರಡು ಅಡಿ ಅಗಲದ ಟ್ಯಾಂಕಿನಲ್ಲಿ ಮೈ ಮಡಚದೆ ತಿರುಗಲಾರದು. ಹಾಗಾದರೆ ದೊಡ್ಡ ಟ್ಯಾಂಕ್ ಕಟ್ಟಿಸಿದರೆ? ಕಟ್ಟಿಸಬಹುದು, ಆದರೆ ಮಹಡಿ ಮನೆಯಲ್ಲಿ ಅಲ್ಲ. ವಾಸದ ಕೋಣೆಗಳ ನೆಲವನ್ನು ನಮ್ಮ ದೇಶದ ಮಾನಕದಂತೆ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಗೆ ವಿನ್ಯಾಸ ಮಾಡಿರುತ್ತಾರೆ. ಎರಡು ಅಡಿ ಆಳದ ನೀರು ಚದರ ಮೀಟರಿಗೆ 600 ಕಿಲೋ ತೂಗುತ್ತದೆ. 5000 ಲೀಟರ್ ಎಂದರೆ ಐದು ಟನ್. ಇದು ನೆಲಮಹಡಿಯಲ್ಲೋ ಅಂಗಳದಲ್ಲೋ ಸಿಮೆಂಟ್ ತೊಟ್ಟಿ ಕಟ್ಟುವವರ ಮೀನು. ಹೊಸ ಸಿಮೆಂಟ್ ಸುಣ್ಣ ಬಿಡುವುದರಿಂದ ಪಿಎಚ್ ಏರುತ್ತದೆ. ಹಲವು ಸಲ ನೀರು ತುಂಬಿ ಖಾಲಿ ಮಾಡಿ, ಪಿಎಚ್ ಒಂದೇ ಕಡೆ ನಿಂತ ಮೇಲೆಯೇ ಮೀನು ಬಿಡಬೇಕು.

ಆಹಾರದ ಬಗ್ಗೆ ಒಂದೇ ಮಾತು. ಕೋಳಿ, ದನದ ಹೃದಯ, ಜೀವಂತ ಗೋಲ್ಡ್‌ಫಿಶ್ ಹಾಕಿ ವಿಡಿಯೊ ಮಾಡುವುದು ಈಗ ಫ್ಯಾಷನ್ ಆಗಿದೆ. ಗೋಲ್ಡ್‌ಫಿಶ್‌ನಲ್ಲಿ ಬಿ1 ವಿಟಮಿನ್ ನಾಶಮಾಡುವ ಥಯಾಮಿನೇಸ್ ಇದೆ, ಜೊತೆಗೆ ಅದು ಕಾಯಿಲೆಯನ್ನೂ ತರುತ್ತದೆ. ಮುಳುಗುವ ಒಣ ಉಂಡೆ, ಸಿಗಡಿ, ಮೀನಿನ ತುಂಡು ಸಾಕು. ದೊಡ್ಡ ಮೀನಿಗೆ ವಾರಕ್ಕೆ ಎರಡು ಮೂರು ಸಲ ಮಾತ್ರ.

ಈಗಾಗಲೇ ಮನೆಗೆ ತಂದಿದ್ದರೆ?

ಕೆರೆಗೆ ಬಿಡುವುದೊಂದು ದಾರಿಯಲ್ಲ. 2018ರ ಕೇರಳದ ಪ್ರವಾಹದ ನಂತರ ಅಲ್ಲಿನ ನದಿಯಲ್ಲಿ ಅಮೆಜಾನಿನದೇ ಇನ್ನೊಂದು ದೈತ್ಯ ಮೀನು ಅರಾಪೈಮಾ ಬಲೆಗೆ ಬಿದ್ದಿತ್ತು. 2020ರಲ್ಲಿ ವಾರಾಣಸಿಯ ಗಂಗೆಯಲ್ಲಿ ದಕ್ಷಿಣ ಅಮೆರಿಕದ ಸಕ್ಕರ್‌ಮೌತ್ ಕ್ಯಾಟ್‌ಫಿಶ್ ಸಿಕ್ಕಿದ್ದು ಸುದ್ದಿಯಾಯಿತು. ಇವೆಲ್ಲ ಸಾಕಿದವರ ತೊಟ್ಟಿಗಳಿಂದ ಹೋದ ಮೀನುಗಳು. ಹದಿನೈದು ವರ್ಷ ತಿನ್ನುತ್ತಲೇ ಇರುವ ಬೇಟೆ ಮೀನೊಂದನ್ನು ನಮ್ಮ ಕೆರೆಯಲ್ಲಿ ಬಿಟ್ಟರೆ ಅದು ತಿನ್ನುವುದು ಅಲ್ಲಿನ ಮೀನುಗಾರರು ನಂಬಿಕೊಂಡ ಮೀನುಗಳನ್ನೇ.

ಮೃಗಾಲಯಗಳೂ ತೆಗೆದುಕೊಳ್ಳುತ್ತವೆ ಎಂದು ನಂಬಬೇಡಿ. ಬ್ರಿಟನ್ನಿನಲ್ಲಿ ಇಂಥ ಮೀನುಗಳನ್ನು "ದಯವಿಟ್ಟು ಇಟ್ಟುಕೊಳ್ಳಿ" ಎಂದು ತರುವವರು ಹೆಚ್ಚಾಗಿ, ಸಾರ್ವಜನಿಕ ಅಕ್ವೇರಿಯಂಗಳೇ ಸೇರಿ "ಬಿಗ್ ಫಿಶ್ ಕ್ಯಾಂಪೇನ್" ಎಂಬ ಜಾಗೃತಿ ಅಭಿಯಾನ ನಡೆಸಬೇಕಾಯಿತು. ಮೀನು ಇನ್ನೂ ಒಂದು ಅಡಿಯೊಳಗೆ ಇರುವಾಗಲೇ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ. ಆಗ ಸಾಗಿಸುವುದೂ ಸುಲಭ, ತೆಗೆದುಕೊಳ್ಳುವವರೂ ಸಿಗುತ್ತಾರೆ. ಅಲ್ಲಿಯವರೆಗೆ ಆಹಾರ ಮಿತವಾಗಿರಲಿ, ವಾರಕ್ಕೊಮ್ಮೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ದ್ರವ ಕಿಟ್‌ನಲ್ಲಿ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ನೈಟ್ರೇಟ್ ವಾರದಿಂದ ವಾರಕ್ಕೆ ಏರುತ್ತಲೇ ಇದ್ದರೆ ಟ್ಯಾಂಕ್ ಸಾಲದಾಯಿತು ಎಂಬುದು ಮೀನಿನ ಉದ್ದ ಅಳೆಯುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಇನ್ನೂ ಕೊಂಡಿಲ್ಲ, ಆದರೆ ಉದ್ದ ಮೀಸೆಯ ಮೀನೇ ಬೇಕು ಎನ್ನುವವರಿಗೆ ನಮ್ಮ ಸಲಹೆ ಪಿಕ್ಟಸ್ ಕ್ಯಾಟ್‌ಫಿಶ್. ಇದೂ ಅಮೆಜಾನ್, ಒರಿನೊಕೊ ನದಿಗಳದ್ದೇ. ಬೆಳ್ಳಿ ಮೈಗೆ ಕಪ್ಪು ಚುಕ್ಕೆ, ಬಾಲ ಮುಟ್ಟುವಷ್ಟು ಉದ್ದದ ಮೀಸೆ, ಬೆಳೆಯುವುದು ನಾಲ್ಕೈದು ಅಂಗುಲ. ನಾಲ್ಕು ಅಡಿಯ ಟ್ಯಾಂಕಿನಲ್ಲಿ ನಾಲ್ಕೈದನ್ನು ಒಟ್ಟಿಗೆ ಇಡಬಹುದು, ಬಾಯಿಗೆ ಹಿಡಿಸುವ ಪುಟ್ಟ ಮೀನುಗಳು ಮಾತ್ರ ಜೊತೆಗಿರಬಾರದು. ಅದರ ರೆಕ್ಕೆಯ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನೂ ಗಾಯಗೊಳ್ಳುತ್ತದೆ, ಕೈಗೂ ಚುಚ್ಚುತ್ತದೆ. ಹಿಡಿಯುವಾಗ ಪ್ಲಾಸ್ಟಿಕ್ ಡಬ್ಬಿ ಬಳಸಿ.